ಮಂಗಳಾರತಿಗೆ ಸಿಕ್ಕಿಬಿದ್ದ ಎಸೆತ

2005ರ ನವೆಂಬರ್, ಅಮೆರಿಕದಲ್ಲಿ ಭಾನುವಾರ ಮಧ್ಯಾಹ್ನ ಎರಡೂವರೆ. ಟಿವಿಯಲ್ಲಿ ನಮ್ಮ ಪಕ್ಕದ ಮನೆಯವನು ಹೆಲ್ಮೆಟ್ ಹಾಕಿಕೊಂಡ. ಅವನು ಅಮೆರಿಕನ್ ಫುಟ್‌ಬಾಲ್ ತಂಡವೊಂದರಲ್ಲಿ ಚೆಂಡೆಸೆಯುವ ಬದಲಿ ಕ್ವಾರ್ಟರ್‌ಬ್ಯಾಕ್. ಮುಖ್ಯ ಆಟಗಾರನಿಗೆ ಪೆಟ್ಟಾದರಷ್ಟೇ ಅವನಿಗೆ ಚೆಂಡು. ಮೂರು ವರ್ಷಗಳ ನನ್ನ ಲೆಕ್ಕದಲ್ಲಿ ಅವನ ಎಸೆತಗಳು ಸೊನ್ನೆ. ಅಷ್ಟರಲ್ಲಿ, ಸತ್ಯನಾರಾಯಣ ಪೂಜೆಗೆ ನಮ್ಮನ್ನು ತಮ್ಮ ಮನೆಗೆ ಕರೆದಿದ್ದ ಹುಬ್ಬಳ್ಳಿ ಮೂಲದ ಸರೋಜಾ ಆಂಟಿ ಟಿವಿ ಆರಿಸಿಬಿಟ್ಟರು.

“ಮಂಗಳಾರತಿ ಹೊತ್ತಿನ್ಯಾಗ ಎಂಥಾ ಆಟಪಾ ನಿಂದು? ಎದ್ದ್ ನಿಂದ್ರು!”

ಪ್ರಸಾದ ಮುಗಿಸಿ ಟಿವಿ ಹಾಕಿದರೆ, ಮುಖ್ಯ ಆಟಗಾರ ಮರಳಿದ್ದ, ಇವನು ಮತ್ತೆ ಬೆಂಚಿನ ಮೇಲೆ!

ಮರುದಿನ ಅವನು ಬೇಲಿಯಾಚೆಯಿಂದ ಇಂಗ್ಲಿಷಿನಲ್ಲಿ ಕೇಳಿದ: “ಒಂದೇ ಒಂದು ಸಲ ಎಸೆದೆ. ನೋಡಿದೆಯಾ?”

“ಪೂಜೆಯಲ್ಲಿದ್ದೆವು” ಎಂದೆ.

ಆ ವಾರವೇ ತಂಡ ಅವನನ್ನು ಕೈಬಿಟ್ಟಿತು. ಚೆಂಡನ್ನು ಯಾರಾದರೂ ಹಿಡಿದರೇ ಎಂದು ಅವನನ್ನೇ ಕೇಳಲು ನನಗೆ ಬಾಯಿ ಬರಲಿಲ್ಲ. ಆ ಆಟ ನೋಡಿದ ಓದುಗರಿದ್ದರೆ ದಯವಿಟ್ಟು ಬರೆದು ತಿಳಿಸಿ.