ಒಂದು ನಿಮಿಷ ಅಂದಳಂತೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಮೇಲಿನ ವಾರ್ಡುಗಳ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ ಎಲ್ಲವೂ ಗೋಡೆಯಲ್ಲಿದ್ದ ತಗಡಿನ ಕೊಳವೆಯಿಂದ ಜಾರಿ ಧೊಪ್ಪೆಂದು ಅಲ್ಲಿ ಬಂದು ಬೀಳುತ್ತಿದ್ದವು. ಆ ಹಬೆ, ಆ ಗದ್ದಲ, ಮೂಗಿಗೆ ಹೊಡೆಯುವ ಆ ಬ್ಲೀಚಿನ ವಾಸನೆಯ ನಡುವೆ ಅಲ್ಲಿನ ಮೇಲ್ವಿಚಾರಕಿಯದೇ ಯಜಮಾನಿಕೆ. ಎದುರಿಗೆ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಇಸ್ತ್ರಿಯಕ್ಕ. ಮುಟ್ಟಿದರೆ ಸುಡುವ ಸ್ವಭಾವಕ್ಕೆ ಬಿದ್ದ ಹೆಸರು ಅದು. ಅವಳ ಕಿವಿಗೂ ಬಿದ್ದಿತ್ತು. "ಬಿಸಿಯಿಲ್ಲದ ಇಸ್ತ್ರಿಪೆಟ್ಟಿಗೆ ತಗೊಂಡು ಏನ್ ಮಾಡ್ತೀರಿ?" ಎಂದು ಕೇಳಿದ್ದಳು, ಅಷ್ಟೇ.

ಅವಳ ತಂಗಿಯ ಕೆಲಸ ಪೂರ್ತಿ ಬೇರೆ. ಊರಿನ ಹಿಂದಿನ ಬೆಟ್ಟಗಳಲ್ಲಿ ಗುಹೆಗುಹೆ ಸುತ್ತಿ ಬಾವಲಿ ಎಣಿಸುವವಳು. ಒಬ್ಬಳೇ ಹೋಗುತ್ತಾಳೆ, ಹೇಳಿದ ಮಾತು ಕೇಳುವುದಿಲ್ಲ. ಬೆಟ್ಟದಲ್ಲಿ ದಾರಿ ತಪ್ಪಿದವರನ್ನು ಹುಡುಕುವ ಸ್ವಯಂಸೇವಕರ ತಂಡಕ್ಕೆ ಇಸ್ತ್ರಿಯಕ್ಕ ಸೇರಿದ್ದೇ ಈ ತಂಗಿಯ ಚಿಂತೆಯಿಂದ. "ಇವತ್ತಲ್ಲ ನಾಳೆ ನಿನ್ನನ್ನ ಹೊತ್ಕೊಂಡು ಬರೋದು ನನ್ನ ಹಣೇಲೇ ಬರ್ದಿದೆ. ಈಗಲೇ ಕಲ್ತಿರ್ತೀನಿ," ಅಂದಿದ್ದಳು.

ತಂಡದ ಹತ್ತಿರ ಕೈಯಲ್ಲಿ ಹಿಡಿಯುವ ಒಂದು ಜಿಪಿಎಸ್ ಯಂತ್ರವಿತ್ತು. ಅದರ ಗುಣವನ್ನು ಅವಳು ಒಪ್ಪುತ್ತಿದ್ದಳು. ಮೊಬೈಲ್ ಸತ್ತುಬಿದ್ದ ಕಡೆಯೂ ಅದು ಬದುಕಿರುತ್ತದೆ. ಮಳೆಯಲ್ಲಿ ನೆಂದರೂ ಕೆಮ್ಮುವುದಿಲ್ಲ. ಯಾವ ಅಂಗಡಿಯಲ್ಲೂ ಸಿಗುವ ಎರಡು ಸೆಲ್ ಹಾಕಿದರೆ ದಿನವೆಲ್ಲ ಓಡುತ್ತದೆ. ಒಮ್ಮೆ ಕಾಲು ಇಟ್ಟ ಜಾಗ ಕಾಣದಂಥ ಮಂಜಿನಲ್ಲಿ, ತಾವು ಬಂದ ದಾರಿಯನ್ನೇ ಚುಕ್ಕಿಚುಕ್ಕಿಯಾಗಿ ತೋರಿಸಿ ಇಡೀ ತಂಡವನ್ನು ಅದು ಕೆಳಗಿಳಿಸಿತ್ತು. ಆದರೆ ಅದರ ಮೇಲಿನ ದೂರುಗಳೂ ಕಡಿಮೆಯಿರಲಿಲ್ಲ. ಬಂಡೆಯ ಬುಡಕ್ಕೆ ಹೋದರೆ ಆಕಾಶ ಕಾಣದೆ ತಬ್ಬಿಬ್ಬಾಗಿ ನಿಮ್ಮನ್ನು ಪಕ್ಕದ ಗುಡ್ಡಕ್ಕೆ ಎಸೆಯುತ್ತದೆ. ನಡುವೆ ಕೊರಕಲಿದ್ದರೂ ಪರದೆಯ ಮೇಲೆ ದಾರಿ ತೋರಿಸುವ ಬಾಣ ಮಾತ್ರ ನೇರ. ಒಂದು ಅಂಕಿ ಹೊಡೆಯಬೇಕಾದರೂ ಕಡಲೆಬೀಜದಷ್ಟಿರುವ ಗುಂಡಿಯನ್ನು ಅತ್ತ ಇತ್ತ ತಳ್ಳುತ್ತಾ ಕೂರಬೇಕು. "ಇಂಥ ಕೆಲಸಗಾರ ನನ್ನ ಕೈಕೆಳಗಿದ್ದಿದ್ರೆ ಎಂದೋ ಮನೆಗೆ ಕಳಿಸ್ತಿದ್ದೆ," ಎನ್ನುತ್ತಿದ್ದಳು.

ಒಂದು ದಿನ ಮಧ್ಯಾಹ್ನ ತಂಡದ ಫೋನ್ ಇದ್ದದ್ದು ಮೇಷ್ಟ್ರ ಕೈಯಲ್ಲಿ. ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದು ನಿವೃತ್ತರಾದವರು, ತಂಡಕ್ಕೆ ಮುಖ್ಯಸ್ಥರು. ಒಳ್ಳೆಯ ಮನುಷ್ಯರೇ. ಆದರೆ ಒಮ್ಮೆ ಹೇಳಿದ್ದನ್ನು ಎರಡನೇ ಸಲ ಕೇಳಿಸಿಕೊಳ್ಳುವುದು ತಮ್ಮ ಗೌರವಕ್ಕೆ ಕಡಿಮೆ ಎಂದುಕೊಂಡವರು. ಫೋನ್ ಮಾಡಿದವಳು ಇಸ್ತ್ರಿಯಕ್ಕನ ತಂಗಿ. ಗುಹೆಯಿಂದ ಹೊರಬರುವಾಗ ಕಲ್ಲು ಜಾರಿ ಪಾದದ ಗಂಟು ಮುರಿದಿದೆ, ಏಳಲು ಆಗುತ್ತಿಲ್ಲ ಎಂದಳು. ತನ್ನ ಜಿಪಿಎಸ್ ನೋಡಿ, ತಾನಿರುವ ಜಾಗದ ಎರಡು ಸಂಖ್ಯೆಗಳನ್ನು ಓದಿದಳು. ಧ್ವನಿ ಕಡಿಕಡಿದು ಬರುತ್ತಿತ್ತು. ಅಷ್ಟರಲ್ಲಿ ಅವಳ ಮೊಬೈಲ್ ಸತ್ತಿತು. ಜಿಪಿಎಸ್ ಏನೋ ಉರಿಯುತ್ತಲೇ ಇತ್ತು. ತಾನು ಎಲ್ಲಿ ಬಿದ್ದಿದ್ದೇನೆ ಎಂಬುದು ಅವಳಿಗೆ ಮೀಟರಿನ ಲೆಕ್ಕದಲ್ಲಿ ಗೊತ್ತಿತ್ತು, ಅದನ್ನು ಇನ್ನೊಬ್ಬರಿಗೆ ಹೇಳುವ ದಾರಿ ಇರಲಿಲ್ಲ.

ಇಸ್ತ್ರಿಯಕ್ಕ ಒದ್ದೆ ಏಪ್ರನ್ ಬಿಚ್ಚಿ ಎಸೆದು ಬಂದಳು. ಮೇಷ್ಟ್ರು, ಅವಳು, ಔಷಧಿ ಅಂಗಡಿಯವನು, ಸ್ಟ್ರೆಚರ್ ಹೊರಲು ಇನ್ನೂ ನಾಲ್ವರು ಬೆಟ್ಟ ಹತ್ತಿದರು. ಬಾಣ ತೋರಿಸಿದ ಕಡೆಗೇ ನಡೆದರು. ಮುಳ್ಳುಪೊದೆ ಸರಿಸಿ, ಏದುಸಿರು ಬಿಡುತ್ತಾ ಕೊನೆಗೂ ತಲುಪಿದಾಗ ಎದುರಿಗಿದ್ದದ್ದು ಬೋಳು ಹುಲ್ಲುಗಾವಲು. ಗುಹೆಯಿಲ್ಲ, ಬಂಡೆಯಿಲ್ಲ, ಒಂದು ಮರವೂ ಇಲ್ಲ. ತಂಗಿಯಂತೂ ಇಲ್ಲವೇ ಇಲ್ಲ. ಕೂಗಿದರು. ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

ಮೇಷ್ಟ್ರು ಯಂತ್ರವನ್ನು ಅವಳ ಮುಖದ ಮುಂದೆ ಹಿಡಿದರು. "ನೋಡಮ್ಮ, ಮೂರೇ ಮೀಟರ್ ವ್ಯತ್ಯಾಸ ಅಂತಿದೆ. ಜಾಗ ಇದೇ. ನಿಮ್ಮ ತಂಗಿ ಇಲ್ಲಿಂದ ಎದ್ದು ಹೋಗಿರಬೇಕು."

"ಮುರಿದ ಕಾಲಲ್ಲಿ?"

"ತೆವಳಿರಬಹುದು."

"ಮೇಷ್ಟ್ರೇ, ಅವಳು ಗುಹೆ ಬಾಗಿಲಲ್ಲಿ ಬಿದ್ದೆ ಅಂದ್ಲು. ಇಲ್ಲಿ ಗುಹೆ ಎಲ್ಲಿದೆ ತೋರಿಸಿ."

"ಯಂತ್ರ ಸುಳ್ಳು ಹೇಳಲ್ಲ."

"ಹಾಗಾದ್ರೆ ನನ್ನ ತಂಗಿ ಸುಳ್ಳು ಹೇಳಿದ್ಲಾ?"

ಅವಳ ಹಣೆಯ ನರ ಉಬ್ಬಿತು. ಔಷಧಿ ಅಂಗಡಿಯವನು ಮಧ್ಯೆ ಬಂದು, "ಅಕ್ಕ, ಸಮಾಧಾನ," ಅಂದ. ಅವನನ್ನೂ ಬಿಡಲಿಲ್ಲ. "ಸಮಾಧಾನದ ಮಾತ್ರೆ ನಿನ್ನ ಅಂಗಡೀಲೇ ಇಟ್ಕೊ," ಎಂದು ಮೇಷ್ಟ್ರ ಕಡೆ ತಿರುಗಿದಳು. "ಫೋನಲ್ಲಿ ಅವಳು ಏನು ಅಂದ್ಲು? ಒಂದಕ್ಷರ ಬಿಡದೆ ಹೇಳಿ."

ಮೇಷ್ಟ್ರಿಗೂ ಸಿಟ್ಟು ಬಂದಿತ್ತು. "ಎಷ್ಟು ಸಲ ಹೇಳ್ಲಿ? ಡಿಗ್ರಿ ಹೇಳಿದ್ಲು. ಆಮೇಲೆ ಸೊನ್ನೆ ಮೂರು ಪಾಯಿಂಟ್ ಎರಡು ಅಂದ್ಲು. ಒಂದು ನಿಮಿಷ ಅಂದ್ಲು. ನಾನು ಕಾದೆ. ಎರಡನೇ ಸಂಖ್ಯೆ ಹೇಳಿದ್ಲು, ಮತ್ತೆ ನಿಮಿಷ ಅಂದ್ಲು. ಮತ್ತೆ ಕಾದೆ. ಲೈನ್ ಹೋಯ್ತು."

ಇಸ್ತ್ರಿಯಕ್ಕನಿಗೆ ಆಗ ಹೊಳೆಯಿತು. ತಂಗಿ ಕಾಯಲು ಹೇಳಿರಲಿಲ್ಲ. ಅದು ಲೆಕ್ಕದ ನಿಮಿಷ, ಆ ‘ಒಂದು’ ಸಂಖ್ಯೆಯ ಕೊನೆಯ ಅಂಕಿ. ಒಂದು ಡಿಗ್ರಿಯನ್ನು ಗಂಟೆಯ ಹಾಗೆ ಅರವತ್ತು ನಿಮಿಷವಾಗಿ ಒಡೆದು ತೋರಿಸುವುದು ಒಂದು ಪದ್ಧತಿ, ಡಿಗ್ರಿಯನ್ನೇ ದಶಾಂಶದಲ್ಲಿ ತೋರಿಸುವುದು ಇನ್ನೊಂದು. ತಂಗಿಯ ಯಂತ್ರ ಮೊದಲನೆಯದರಲ್ಲಿತ್ತು, ತಂಡದ್ದು ಎರಡನೆಯದರಲ್ಲಿ. ಮೇಷ್ಟ್ರು ಒಂದನ್ನೂ ನಿಮಿಷವನ್ನೂ ತಿಂದುಹಾಕಿ ಉಳಿದ ಅಂಕಿಗಳನ್ನು ದಶಾಂಶದ ಮನೆಯಲ್ಲಿ ತುರುಕಿದ್ದರು. ಯಂತ್ರ ಕೂಡ ಇದು ಸರಿಯೇ ಎಂದು ಒಂದು ಮಾತು ಕೇಳದೆ, ಕೊಟ್ಟದ್ದನ್ನು ನುಂಗಿ, ಅವರನ್ನು ಬೆಟ್ಟದ ತಪ್ಪು ಮಗ್ಗುಲಿಗೆ ತಂದು ನಿಲ್ಲಿಸಿತ್ತು.

"ಕೊಡಿ ಇಲ್ಲಿ," ಎಂದು ಕಿತ್ತುಕೊಂಡಳು. ಚಳಿಗೆ ಬೆರಳು ಮರಗಟ್ಟಿದ್ದವು. ಸೆಟ್ಟಿಂಗ್ ಹುಡುಕಿ, ನಿಮಿಷದ ಪದ್ಧತಿಗೆ ಬದಲಿಸಿ, ಒಂದೊಂದೇ ಅಂಕಿ ಕೂರಿಸಲು ಹೊರಟರೆ ಆ ಗುಂಡಿ ಎರಡು ಸಲ ಬೇಡದ ಅಂಕಿಯ ಮೇಲೆ ಹೋಗಿ ಕೂತಿತು. ಯಂತ್ರಕ್ಕೆ, ಅದನ್ನು ಮಾಡಿದವರಿಗೆ, ಮಾಡಿದವರ ವಂಶಕ್ಕೆ ಎಲ್ಲ ಸೇರಿಸಿ ಬೈದಳು. ಕೊನೆಗೆ ಬಾಣ ತಿರುಗಿತು, ಬೆಟ್ಟದ ನೆತ್ತಿಯ ಆಚೆಗೆ.

ಎಲ್ಲರೂ ಆ ಬಾಣ ಹಿಡಿದು ನಡೆದರು. ನೆತ್ತಿ ದಾಟುವಾಗ ಮಂಜು ಕವಿಯಿತು. ಅದರೊಳಗೆ ತಪ್ಪು ಹೆಜ್ಜೆ ಇಡದಂತೆ ನಡೆಸಿದ್ದೂ ಅದೇ ಯಂತ್ರ, ಇಷ್ಟೂ ಅನಾಹುತಕ್ಕೆ ಕಾರಣವಾದದ್ದೂ ಅದೇ. ಅದನ್ನು ಬಂಡೆಗೆ ಅಪ್ಪಳಿಸಬೇಕೋ ಎದೆಗೆ ಒತ್ತಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಕಡಿದಾದ ಬಂಡೆಯ ಬುಡಕ್ಕೆ ಬಂದಾಗ ಎಂದಿನಂತೆ ಬಾಣ ಗಿರಗಿರ ಸುತ್ತತೊಡಗಿತು. ಅಲ್ಲಿಂದ ಮುಂದೆ ಕಿವಿಯೇ ಗತಿ. ಎಲ್ಲರೂ ನಿಂತು ಕೂಗಿದರು. ಕೆಳಗಿನಿಂದ ಸಣ್ಣಗೆ ಸೀಟಿಯ ಸದ್ದು ಬಂತು.

ತಂಗಿ ತುಟಿ ನೀಲಿಯಾಗಿ ಗುಹೆಯ ಬಾಯಲ್ಲಿ ಮುದುಡಿ ಬಿದ್ದಿದ್ದಳು. ಅಕ್ಕನ ಮುಖ ಕಂಡು ಅವಳಾಡಿದ ಮೊದಲ ಮಾತು, "ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿದ್ರಿ?"

"ಬಾಯಿ ಮುಚ್ಚು," ಅಂದಳು ಇಸ್ತ್ರಿಯಕ್ಕ. ತನ್ನ ಕೋಟು ಬಿಚ್ಚಿ ತಂಗಿಗೆ ಬಿಗಿಯಾಗಿ ಸುತ್ತಿದಳು.

ಕಾಲು ಉಳಿಯಿತು. ಆದರೆ ಊದಿಕೊಂಡ ಗಂಟಿಗೆ ಅಷ್ಟು ಹೊತ್ತು ಚಿಕಿತ್ಸೆ ಸಿಗದೆ ಮೂಳೆ ಸರಿಯಾಗಿ ಕೂಡಿಕೊಳ್ಳಲಿಲ್ಲ ಎಂದರು ವೈದ್ಯರು. ತಂಗಿಗೆ ಸಣ್ಣ ಕುಂಟು ಉಳಿದುಕೊಂಡಿತು. ಅವಳು ವಾರ್ಡಿನಲ್ಲಿದ್ದಷ್ಟು ದಿನ ಒಣಗಿಸುವ ಯಂತ್ರದಿಂದ ಆಗಷ್ಟೇ ತೆಗೆದ ಬಿಸಿ ಹೊದಿಕೆಯನ್ನು ಇಸ್ತ್ರಿಯಕ್ಕ ತಾನೇ ಮೇಲಕ್ಕೆ ತರುತ್ತಿದ್ದಳು. ಹೊದಿಸುತ್ತಲೇ ಬೈಯುತ್ತಿದ್ದಳು. "ಒಬ್ಬಳೇ ಯಾಕೆ ಹೋದೆ? ಮೊಬೈಲ್ ಯಾಕೆ ಚಾರ್ಜ್ ಮಾಡ್ಲಿಲ್ಲ?"

"ನಾನು ಸರಿಯಾಗೇ ಓದಿದೆ ಅಕ್ಕ. ನಿಮಿಷ ಅಂತ ಎರಡು ಸಲ ಹೇಳಿದೆ. ನನ್ನ ಮೇಲೆ ಯಾಕೆ ಹಾರ್ತೀಯ?"

ತಂಗಿಯ ಮಾತು ನಿಜವೆಂದು ಗೊತ್ತಿದ್ದುದಕ್ಕೇ ಅಕ್ಕನ ಸಿಟ್ಟು ಇನ್ನೂ ಏರುತ್ತಿತ್ತು.

ತಂಡದ ಸಭೆಯಲ್ಲಿ ಅದೆಲ್ಲ ಮೇಷ್ಟ್ರ ಮೇಲೆ ಸುರಿಯಿತು. ಕೇಳಿದ ಸಂಖ್ಯೆಯನ್ನು ಒಮ್ಮೆ ತಿರುಗಿ ಓದಿ ಹೇಳಿದ್ದರೆ ಸಾಕಿತ್ತು, ಗತ್ತು ಅಡ್ಡ ಬಂತು ಎಂದು ಎಲ್ಲರೆದುರೇ ಹೇಳಿದಳು. ಮೇಷ್ಟ್ರು ಕೆಂಪಾಗಿ, ತಂಡದ ಶಿಳ್ಳೆಯನ್ನೂ ಕಚೇರಿಯ ಬೀಗದ ಕೈಯನ್ನೂ ಮೇಜಿನ ಮೇಲಿಟ್ಟು ಎದ್ದುಹೋದರು. ಮುಂದಾಳತ್ವ ಅವಳ ಹೆಗಲಿಗೆ ಬಿತ್ತು. ಅಂದಿನಿಂದ ತಂಡದಲ್ಲಿ ಯಾರೇ ಸಂಖ್ಯೆ ಕೇಳಿಸಿಕೊಂಡರೂ ಯಾವ ಪದ್ಧತಿಯದು ಎಂದು ಕೇಳಿ, ಅಷ್ಟನ್ನೂ ಗಟ್ಟಿಯಾಗಿ ತಿರುಗಿ ಓದಲೇಬೇಕು. ಮರೆತವರು ಅವಳ ಬಾಯಿಗೆ ಸಿಕ್ಕರೆ ಮುಗಿಯಿತು.

ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ಆಸ್ಪತ್ರೆಯ ನೆಲಮಾಳಿಗೆಗೆ ಬಂದರು. ತಂಡದ ಕಿತ್ತಳೆ ಬಣ್ಣದ ಕೋಟನ್ನು ಹಿಂದಿರುಗಿಸಲು ಬಂದಿದ್ದರು, ನೀಟಾಗಿ ಮಡಚಿದ್ದನ್ನು ಮೇಜಿನ ಮೇಲಿಟ್ಟರು. ಮೊದಲಿಗಿಂತ ಸೊರಗಿದ್ದರು.

"ತಪ್ಪೆಲ್ಲ ನನ್ನದೇ ಅಂತೀರಾ?" ಎಂದು ಕೇಳಿದರು.

ಅವಳು ಹೊದಿಕೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ಲೈನ್ ಕಡೀತಿದ್ದಿದ್ದು ನಿಮ್ಮ ತಪ್ಪಲ್ಲ. ತಿರುಗಿ ಕೇಳದೆ ಇದ್ದಿದ್ದು ನಿಮ್ಮದೇ. ಅದನ್ನ ನಾನು ಮರೆಯಲ್ಲ, ಮೇಷ್ಟ್ರೇ. ಮರೆತೆ ಅಂತ ಸುಳ್ಳು ಹೇಳೋಕೂ ಬರಲ್ಲ."

ಅವರು ತಲೆಯಾಡಿಸಿದರು. ಹೋಗಲಿಲ್ಲ. ಅವಳು ದೊಡ್ಡ ಹೊದಿಕೆಯೊಂದರ ಎರಡು ತುದಿಗಳನ್ನು ಅವರ ಕಡೆ ಚಾಚಿದಳು. ಅವರು ಹಿಡಿದುಕೊಂಡರು. ಎದುರುಬದುರು ನಿಂತು ಅದನ್ನು ಜಗ್ಗಿ, ಮಡಿಸಿ, ಮತ್ತೆ ಇನ್ನೊಂದನ್ನು ಎತ್ತಿಕೊಂಡರು. ಕೋಟು ಮೇಜಿನ ಮೇಲೆಯೇ ಇತ್ತು.