ಕೀ ಕೊಡುವ ವಾಚು

ದಡ್ಡರ ಮೇಲೆ ನನಗೆ ಕೋಪವಿಲ್ಲ. ದಡ್ಡತನ ದೇವರು ಕೊಟ್ಟದ್ದು, ಯಾರೇನು ಮಾಡಲಾದೀತು. ಆದರೆ ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವರ ಹಾಗೆ ಕುರ್ಚಿಯಲ್ಲಿ ಕೂರುವವರನ್ನು ಕಂಡರೆ ಇವತ್ತಿಗೂ ಮೈಯುರಿಯುತ್ತದೆ. ಅಂಥವರೊಬ್ಬರ ಕೈಕೆಳಗೆ ನಾನು ಎಂಬತ್ತರ ದಶಕದ ಬಹುಭಾಗವನ್ನು ಕಳೆದೆ. ನಮ್ಮದು ಸೈನ್ಯಕ್ಕಾಗಿ ಸಂಶೋಧನೆ ಮಾಡುವ ಸಂಸ್ಥೆ. ಅವರು ನಮ್ಮ ವಿಭಾಗದ ಮುಖ್ಯಸ್ಥರು, ನಾನು ಅಲ್ಲಿ ಆಂಟೆನಾ ಮಾಡುವ ಎಂಜಿನಿಯರ್.

ಆಗ ನಮ್ಮ ಮನೆ ಸಂಜಯನಗರದಲ್ಲಿತ್ತು. ಬೆಳಿಗ್ಗೆ ಆಫೀಸಿನ ಬಸ್ಸು ಹೆಬ್ಬಾಳದ ಕೆರೆ ಏರಿ ದಾಟಿ, ಯಲಹಂಕವನ್ನೂ ದಾಟಿ, ಹೆಸರಘಟ್ಟದ ಕಡೆಯ ಹುಲ್ಲುಗಾವಲಿನಲ್ಲಿದ್ದ ಒಂದು ತಗಡಿನ ಶೆಡ್ಡಿನ ಮುಂದೆ ನಮ್ಮನ್ನು ಇಳಿಸುತ್ತಿತ್ತು. ನಾವು ಮಾಡುವ ಕೆಲಸ ಬಹಳ ಗುಟ್ಟಿನದು, ಮನೆಯಲ್ಲೂ ಹೇಳಕೂಡದು ಎಂದು ನಮ್ಮಿಂದ ಸಹಿ ಹಾಕಿಸಿಕೊಂಡಿದ್ದರು. ಸುತ್ತಲ ಹಳ್ಳಿಯವರು ಮಾತ್ರ ಅದನ್ನು ‘ಮಿಂಚು ಮಾಡೋ ಶೆಡ್ಡು’ ಎಂದೇ ಕರೆಯುತ್ತಿದ್ದರು. ಅದಕ್ಕಿಂತ ಚೆನ್ನಾಗಿ ನಾನೂ ವಿವರಿಸಲಾರೆ.

ಮಾಡುತ್ತಿದ್ದದ್ದು ಇಷ್ಟು. ದೊಡ್ಡ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ತುಂಬಿಟ್ಟು, ಅಷ್ಟನ್ನೂ ಒಂದು ಕಿಡಿಯ ಮೂಲಕ ಒಮ್ಮೆಗೇ ಬಿಟ್ಟುಬಿಡುವುದು. ಕಣ್ಣು ಮಿಟುಕಿಸುವುದು ಅದರ ಮುಂದೆ ಒಂದು ಯುಗ. ಅಂಥ ಏಟು ರೇಡಿಯೋದ ಒಂದೇ ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ. ಮುಳ್ಳು ಈ ತುದಿಯಿಂದ ಆ ತುದಿಯವರೆಗೆ ಎಲ್ಲೆಲ್ಲಿ ಓಡಾಡುತ್ತದೋ ಅಲ್ಲೆಲ್ಲ, ಅದರಾಚೆಗೂ, ಒಟ್ಟಿಗೇ ಬೀಳುತ್ತದೆ. ಎದುರಿನ ಯಂತ್ರದ ತಂತಿಗಳೊಳಗೆ ನುಗ್ಗಿ ಅದರ ಟ್ರಾನ್ಸಿಸ್ಟರು, ಚಿಪ್ಪುಗಳನ್ನು ಸುಟ್ಟುಹಾಕುತ್ತದೆ. ಮನುಷ್ಯನ ಮೈಗೆ ಏನೂ ತಿಳಿಯುವುದಿಲ್ಲ. ಆ ಏಟು ನಾಲ್ಕು ಕಡೆ ಚದುರಿಹೋಗದಂತೆ ಒಂದೇ ದಿಕ್ಕಿಗೆ ಎಸೆಯುವುದು ಆಂಟೆನಾದ ಕೆಲಸ. ನನ್ನ ಆಂಟೆನಾ ಎದುರುಬದುರಾಗಿ ಹಿಡಿದ ಎರಡು ತಾಮ್ರದ ಮೊರಗಳ ಹಾಗಿತ್ತು. ಅದರ ಅಂಚಿನ ಬಾಗು ಸರಿಮಾಡಲು ನಾನು ಪಟ್ಟ ಪಾಡನ್ನು ಮಕ್ಕಳನ್ನು ಸಾಕಲೂ ಪಡಲಿಲ್ಲ.

ದೆಹಲಿಯಿಂದ ಸಮಿತಿಯೊಂದು ಅದನ್ನು ನೋಡಲು ಬರುವುದಿತ್ತು. ಅವರ ಕಣ್ಣೆದುರು ಒಂದು ಉಪಕರಣ ಸುಟ್ಟುಹೋದರೆ ಯೋಜನೆ ಮುಂದುವರಿಯುತ್ತದೆ. ಇಲ್ಲದಿದ್ದರೆ ಶೆಡ್ಡಿಗೆ ಬೀಗ, ನನಗೆ ಕೈಪಿಡಿ ವಿಭಾಗ. ಬೇರೆಯವರು ಮಾಡಿದ ಯಂತ್ರದ ವಿವರಣೆಯಲ್ಲಿ ಅಲ್ಪವಿರಾಮ ಹುಡುಕುವ ಜಾಗ ಅದು.

ಈಗ ನಮ್ಮ ಮುಖ್ಯಸ್ಥರ ಜಾಣತನ ನೋಡಿ. ಏಟು ಹಾಕಿಸಿಕೊಳ್ಳಲು ಅವರು ಆರಿಸಿದ್ದು ಸೈನ್ಯದ ಹಳೆಯ ವಾಲ್ವ್ ರೇಡಿಯೋ. ವಾಲ್ವ್ ಎಂದರೆ ಗಾಜಿನ ಬುರುಡೆ, ಒಳಗೆ ಕಾದ ತಂತಿ. ನೂರಾರು ವೋಲ್ಟು ದಿನಾ ಉಂಡು ಅರಗಿಸಿಕೊಳ್ಳುವ ಗಟ್ಟಿ ಜೀವ. ನಮ್ಮ ಏಟಿಗೆ ಜಗ್ಗದ ವಸ್ತು ಇಡೀ ಸಂಸ್ಥೆಯಲ್ಲಿ ಯಾವುದಾದರೂ ಇದ್ದರೆ ಅದೊಂದೇ.

“ಸರ್, ವಾಲ್ವ್ ಸೆಟ್ಟು ಇದಕ್ಕೆ ಸಾಯಲ್ಲ. ಒಂದು ಟ್ರಾನ್ಸಿಸ್ಟರ್ ರೇಡಿಯೋ ಇಡೋಣ,” ಎಂದೆ.

“ಸ್ಟೋರ್ಸ್‌ನೋರು ಕೊಡಲ್ಲ ಕಣ್ರೀ. ನಡೀತಿರೋ ಸರ್ಕಾರಿ ಸಾಮಾನನ್ನ ಬೇಕಂತ ಹಾಳ್ಮಾಡಕ್ಕೆ ರೂಲಿಲ್ಲ. ಕಂಡೆಮ್ ಆಗಿರೋದೇ ಇಡ್ಬೇಕು.”

“ಆದ್ರೆ ಅದು ಸಾಯಲ್ವಲ್ಲ ಸರ್.”

“ಹಳೇದಲ್ವಾ. ಬೇಗ ಸಾಯತ್ತೆ ಬಿಡಿ.”

ಇದನ್ನು ಹೇಳಿದವರು ಭೌತಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿದ್ದರು. ಇನ್ನೂ ಒಂದು ಚೆಂದವೆಂದರೆ ಆ ಸೆಟ್ಟು ಹಾಡುತ್ತಲೇ ಇರಲಿಲ್ಲ. ಹಾಡದೆ ಇದ್ದದ್ದು ನಿಂತಿತೆಂದು ತೋರಿಸುವುದು ಹೇಗೆ? ಹಾಗಾಗಿ ಇಬ್ಬರು ಟೆಕ್ನೀಷಿಯನ್ನರು ಊಟ ತಿಂಡಿ ಬಿಟ್ಟು ಕೂತು ಅದನ್ನು ರಿಪೇರಿ ಮಾಡಿದರು. ಸಾಯಿಸುವುದಕ್ಕೆಂದೇ ಅದಕ್ಕೆ ಜೀವ ತುಂಬಿದೆವು.

ನನಗೆ ತಡೆಯಲಾಗಲಿಲ್ಲ. ಸಮಿತಿ ಬರುವ ದಿನ ನಮ್ಮ ಮನೆಯ ಟ್ರಾನ್ಸಿಸ್ಟರನ್ನೇ ಚೀಲದಲ್ಲಿಟ್ಟುಕೊಂಡು ಹೊರಟೆ. ಸುಟ್ಟರೆ ನನ್ನದು ಸುಡುತ್ತದೆ, ಯಾವ ಸ್ಟೋರ್ಸಿನವನ ಅಪ್ಪನದೂ ಅಲ್ಲ. ಗೇಟಿನಲ್ಲಿ ಕಾವಲುಗಾರ ಚೀಲ ನೋಡಿದ. ಪಕ್ಕದ ಹಳ್ಳಿಯವನು, ದಿನಾ ನಮಸ್ಕಾರ ಹೊಡೆಯುವವನು.

“ಮೇಡಮ್ಮೋರೇ, ರೇಡಿಯೋನ ಇಂಗೆ ಒಳೀಕೆ ತಂದ್ರೆ ಎಂಗೆ ಬಿಡ್ಲಿ? ಸಾಯೇಬ್ರೇ ಏಳವ್ರೆ, ಒರಗಿಂದು ಏನೂ ಬಿಡ್ಬೇಡ ಅಂತ,” ಎಂದ.

ಅದನ್ನು ಗೇಟಿನಲ್ಲೇ ಇಟ್ಟುಕೊಂಡ. ಸಂಜೆಯವರೆಗೆ ಕ್ರಿಕೆಟ್ ಕಾಮೆಂಟರಿ ಕೇಳಿ ಬ್ಯಾಟರಿ ಮುಗಿಸಿದ. ಅವನ ಮೇಲೆ ನನಗೆ ಕೋಪವಿಲ್ಲ, ಅವನು ಹೇಳಿದ್ದನ್ನು ಮಾಡಿದ.

ಇನ್ನು ವಾಚಿನ ವಿಷಯ. ಮುಖ್ಯಸ್ಥರ ಭಾವಮೈದುನ ಹೊರದೇಶದಿಂದ ಅವರಿಗೊಂದು ಡಿಜಿಟಲ್ ವಾಚು ತಂದುಕೊಟ್ಟಿದ್ದ. ಮುಳ್ಳಿಲ್ಲ, ಬರೀ ಅಂಕಿ, ಫಳಫಳಿಸುವ ಸ್ಟೀಲಿನ ಪಟ್ಟಿ. ಗುಂಡಿ ಒತ್ತಿದರೆ ಒಳಗೆ ದೀಪ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಮಟಮಟ ಮಧ್ಯಾಹ್ನ ಮೀಟಿಂಗಿನಲ್ಲಿ ಆ ದೀಪ ಹಚ್ಚುತ್ತಿದ್ದರು. ಟೈಮು ಕೇಳದವರಿಗೂ ಟೈಮು ಹೇಳುತ್ತಿದ್ದರು.

ಸಮಿತಿಯವರು ಬಂದರು. ಸೈನ್ಯದ ನಾಲ್ಕೈದು ಜನ ಹಿರಿಯ ಅಧಿಕಾರಿಗಳು, ಎಲ್ಲರ ಕೈಯಲ್ಲೂ ಕೀ ಕೊಡುವ ಹಳೆಯ ವಾಚುಗಳೇ. ಏಟು ಬೀಳುವಾಗ ಯಾರೂ ದಾಟಬಾರದೆಂದು ಮುಖ್ಯಸ್ಥರೇ ಹುಲ್ಲಿನ ಮೇಲೆ ಸುಣ್ಣದ ಗೆರೆ ಎಳೆಸಿದ್ದರು. ಎಲ್ಲರೂ ಅದರ ಹಿಂದೆ ನಿಂತರು. ದೂರದ ಮೇಜಿನ ಮೇಲೆ ವಾಲ್ವ್ ಸೆಟ್ಟು ಸಿನಿಮಾ ಹಾಡು ಹಾಡುತ್ತಿತ್ತು. ಮುಖ್ಯಸ್ಥರು ಮಾತ್ರ ಕೋಲು ಹಿಡಿದು ಆಂಟೆನಾದ ಬಾಯಿಯ ಪಕ್ಕದಲ್ಲೇ ನಿಂತು, ಅದು ತಮ್ಮ ಕಲ್ಪನೆಯ ಕೂಸೆಂದು ವಿವರಿಸುತ್ತಿದ್ದರು.

“ಸರ್, ಗೆರೆ ಹಿಂದೆ ಬನ್ನಿ,” ಎಂದೆ.

“ನೀವು ಬಟನ್ ಒತ್ರೀ.”

ಒತ್ತಿದೆ. ಚಟ್ ಎಂದಿತು. ರೇಡಿಯೋ ಒಮ್ಮೆ ಗೊರಗೊರ ಎಂದು, ಬಿಟ್ಟ ಚರಣದಿಂದಲೇ ಹಾಡು ಮುಂದುವರಿಸಿತು. ಮತ್ತೆ ಒತ್ತಿಸಿದರು, ಮತ್ತೆ ಹಾಡಿತು. ಸಮಿತಿಯ ಹಿರಿಯರೊಬ್ಬರು ಬೂಟಿನಲ್ಲಿ ತಾಳ ಹಾಕಿದರು, ಉಳಿದವರು ನಕ್ಕರು.

ನಾನು ರೇಡಿಯೋ ನೋಡುತ್ತಿರಲಿಲ್ಲ. ಮುಖ್ಯಸ್ಥರ ಕೈ ನೋಡುತ್ತಿದ್ದೆ. ಅವರು ಅಭ್ಯಾಸಬಲದಿಂದ ವಾಚಿನ ಗುಂಡಿ ಒತ್ತಿದರು. ದೀಪ ಬರಲಿಲ್ಲ. ಮತ್ತೆ ಒತ್ತಿದರು, ಕೈ ಒದರಿದರು. ಅಂಕಿಗಳಿದ್ದ ಜಾಗದಲ್ಲಿ ಬೂದು ಗಾಜು ಮಾತ್ರ ಇತ್ತು. ಮಣಿಕಟ್ಟಿನ ಸುತ್ತ ಲೋಹದ ಪಟ್ಟಿ ಹಾಕಿಕೊಂಡರೆ ಅದೂ ಒಂದು ಆಂಟೆನಾವೇ. ನಾನು ಎಸೆದದ್ದನ್ನು ಅದು ಹಿಡಿದುಕೊಂಡು ಒಳಗಿನ ಚಿಪ್ಪಿಗೆ ಮುಟ್ಟಿಸಿತ್ತು. ನನಗೆ ಆದ ಸಂತೋಷ ಹೇಳತೀರದು. ಕೆಲಸ ಮಾಡಿತ್ತು, ನನ್ನ ಮೊರ ಕೆಲಸ ಮಾಡಿತ್ತು.

ಅವರು ಷರಟಿನ ತೋಳನ್ನು ಮೆಲ್ಲಗೆ ವಾಚಿನ ಮೇಲೆ ಎಳೆದುಕೊಂಡರು.

ನಾನು ಶೆಡ್ಡಿನ ಮರೆಗೆ ಕರೆದು, “ಸರ್, ನಿಮ್ಮ ವಾಚು ಅವರಿಗೆ ತೋರಿಸಿ. ಅದೊಂದೇ ಸಾಕು,” ಎಂದೆ.

“ಯಾವ ವಾಚು? ನನ್ ವಾಚು ಚೆನ್ನಾಗೇ ಇದೆ. ಹೋಗಿ ಕಾಫಿ ಏನಾಯ್ತು ನೋಡಿ.”

ತೋರಿಸಿದರೆ ತಾವೇ ಎಳೆಸಿದ ಗೆರೆಯನ್ನು ತಾವೇ ದಾಟಿದ್ದು ಒಪ್ಪಬೇಕು. ತಾವು ಆರಿಸಿದ ರೇಡಿಯೋ ತಪ್ಪೆಂದು ಒಪ್ಪಬೇಕು. ಮೇಡಂ ಹೇಳಿದ್ದು ಸರಿ ಎನ್ನುವುದಂತೂ ಅವರ ಗಂಟಲಿನಲ್ಲಿ ಇಳಿಯುವ ಮಾತಲ್ಲ. ಅಷ್ಟಕ್ಕೆ ಒಂದು ಯೋಜನೆಯನ್ನೇ ಮಣ್ಣು ಮಾಡಲು ಅವರು ತಯಾರಾದರು.

ಕಾಫಿ ನೋಡಲು ನಾನು ಹೋಗಲಿಲ್ಲ. ಸಮಿತಿಯವರು ಕೂತಿದ್ದಲ್ಲಿಗೆ ಹೋಗಿ ನೇರವಾಗಿ ಹೇಳಿದೆ: ರೇಡಿಯೋ ವಾಲ್ವಿನದು, ಅದು ಸಾಯುವುದಿಲ್ಲ, ಸರ್ ಕೈಯಲ್ಲಿರುವ ಎಲೆಕ್ಟ್ರಾನಿಕ್ ವಾಚು ಈಗ ತಾನೆ ಸತ್ತಿದೆ, ದಯವಿಟ್ಟು ನೋಡಿ. ಎಲ್ಲರೂ ಅವರ ಕಡೆ ತಿರುಗಿದರು. ಅವರು ಎಡಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿ ನಕ್ಕರು.

“ಮೇಡಂಗೆ ಬಿಸಿಲು ಹೊಡೆದಿದೆ. ನಮ್ ಕಡೆ ಒಂದು ಗಾದೆ ಇದೆ, ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ,” ಎಂದು ಅದನ್ನು ಇಂಗ್ಲಿಷಿಗೂ ತಿರುಗಿಸಿ ಹೇಳಿದರು. ಸಮಿತಿ ಮತ್ತೊಮ್ಮೆ ನಕ್ಕಿತು.

ಗಡಿ ಕಾದು ಬಂದವರು ಅವರು, ಎದೆಯ ತುಂಬ ಬಣ್ಣದ ಪಟ್ಟಿಗಳು. ಒಬ್ಬ ಅಧಿಕಾರಿಯ ಕೈಯನ್ನು ಜೇಬಿನಿಂದ ಹೊರಗೆ ತೆಗೆಸುವ ಧೈರ್ಯ ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಬೋಂಡಾ ತಿಂದು ಕಾರು ಹತ್ತಿದರು.

ಶೆಡ್ಡಿಗೆ ಬೀಗ ಬಿತ್ತು. ನನ್ನ ತಾಮ್ರದ ಮೊರಗಳೂ ಕಂಡೆಮ್ ಆದವು, ಅದಕ್ಕೆ ಯಾವ ರೂಲೂ ಅಡ್ಡ ಬರಲಿಲ್ಲ. ನಾನು ಕೈಪಿಡಿ ವಿಭಾಗಕ್ಕೆ ಹೋದೆ. ಅಲ್ಲಿ ಕಾಲಿಟ್ಟ ದಿನದಿಂದ, “ಮೇಡಂ, ಇವತ್ತು ಯಾವ ಹಾಡು ಹಾಕ್ತೀರಿ?” ಎಂದು ಕೇಳದ ಸಹೋದ್ಯೋಗಿ ಇರಲಿಲ್ಲ. ಮುಖ್ಯಸ್ಥರ ಕೈಯಲ್ಲಿ ಆಮೇಲೆ ವಾಚು ಕಾಣಲಿಲ್ಲ. ಆದರೂ ನಾನು ಮೂರ್ಖಳ ಹಾಗೆ ಕಾದೆ. ಅವರ ಕೋಪ ಇಳಿದ ಮೇಲೆ, ಎಂದಾದರೂ ಒಂದು ದಿನ, ದೆಹಲಿಗೆ ಒಂದು ಮಾತು ತಿಳಿಸಿಯಾರು ಎಂದುಕೊಂಡೆ. ಅವರಿಗೆ ಬಡ್ತಿ ಸಿಕ್ಕಿತು, ನಾನು ಅಲ್ಪವಿರಾಮ ಹುಡುಕುತ್ತಲೇ ಇದ್ದೆ.

ಆ ದಶಕ ಮುಗಿಯುವ ಹೊತ್ತಿಗೆ ಅವರು ನಿವೃತ್ತರಾದರು. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಜೊತೆಗೆ ನಮ್ಮಲ್ಲಿ ಎಲ್ಲರಿಗೂ ಕೊಡುತ್ತಿದ್ದಂತೆ ಒಂದು ವಾಚು. ವಾಚು ತರುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ಈಗ ಎಲ್ಲರೂ ಬ್ಯಾಟರಿಯ ಕ್ವಾರ್ಟ್ಜ್ ವಾಚು ಕಟ್ಟುತ್ತಾರೆ, ಅದನ್ನೇ ತನ್ನಿ ಎಂದರು ಸಹೋದ್ಯೋಗಿಗಳು. ನಾನು ಯಶವಂತಪುರದ ಅಂಗಡಿಯಲ್ಲಿ ಹುಡುಕಿ ಕೀ ಕೊಡುವ ವಾಚನ್ನೇ ತಂದೆ.

ಭಾಷಣಗಳೆಲ್ಲ ಮುಗಿದು ಜನ ತಿಂಡಿಯ ಕಡೆ ಹೊರಟಾಗ ಅದನ್ನು ಅವರ ಕೈಗೆ ಕೊಟ್ಟೆ.

“ಕೀ ಕೊಡೋದು ಸರ್. ಇದಕ್ಕೆ ಏನೂ ಆಗಲ್ಲ.”

ಅವರು ಡಬ್ಬಿ ತೆರೆದು ನೋಡಿದರು. ಪೇಟದ ಕೆಳಗೆ ಮುಖ ಸಣ್ಣದಾಗಿತ್ತು.

“ಅದನ್ನ ಆರ್.ಟಿ. ನಗರದಲ್ಲಿ ರಿಪೇರಿಗೆ ಕೊಟ್ಟಿದ್ದೆ ಕಣ್ರೀ,” ಎಂದರು ಮೆಲ್ಲಗೆ. “ಬಿಚ್ಚಿ ನೋಡ್ದೋನು, ಸಾರ್, ಒಳಗೆ ಸುಟ್ಟೋಗಿದೆ, ಏನ್ ಮಾಡಿದ್ರಿ ಅಂದ.”

“ನೀವೇನಂದ್ರಿ?”

“ನೀರು ಬಿತ್ತು ಅಂದೆ.”

ಗಡಿಯಾರ ರಿಪೇರಿ ಮಾಡುವವನಿಗೂ ನಿಜ ಹೇಳಲಾಗದ ಮನುಷ್ಯ ದೆಹಲಿಗೆ ಹೇಳಿಯಾರೆಂದು ನಾನು ಅಷ್ಟು ವರ್ಷ ಕಾದಿದ್ದೆ.