ಎದುರಾಳಿ ಕೊಟ್ಟ ಕಾರ್ಡು

ಗೋರೆಗಾಂವ್ ಸ್ಟೇಷನ್ ಬಳಿಯ ಅಂಗಡಿಯೊಂದರಲ್ಲಿ ಭಾನುವಾರ ಕಾರ್ಡ್ ಆಟದ ಟೂರ್ನಮೆಂಟ್ ನಡೆಯುತ್ತದೆ. ತಮ್ಮ ತಮ್ಮ ಕಾರ್ಡುಗಳಲ್ಲಿ ಬೇಕಾದವನ್ನು ಆರಿಸಿ ಮನೆಯಲ್ಲೇ ಜೋಡಿಸಿಕೊಂಡು ಬಂದ ಕಟ್ಟು, ಅಂದರೆ ಡೆಕ್, ಹಿಡಿದು ಇಬ್ಬರಿಬ್ಬರು ಎದುರುಬದುರು ಕೂರುತ್ತೇವೆ. ಬೈಕುಲ್ಲಾದ ಹೋಟೆಲೊಂದರ ಮ್ಯಾನೇಜರ್, ಉಡುಪಿ ಕಡೆಯವರು, ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ತಪ್ಪದೆ ಬರುತ್ತಿದ್ದರು. ಭಾನುವಾರ ಅವರಿಗೆ ಹೇಗೆ ರಜೆ ಸಿಗುತ್ತಿತ್ತೋ ತಿಳಿಯದು. ಆಟಕ್ಕೆ ಮುಂಚೆ ಕರವಸ್ತ್ರದಿಂದ ಟೇಬಲ್ ಒರೆಸುತ್ತಿದ್ದರು, ಎದುರಿನವರ ಕಡೆಯನ್ನೂ ಸೇರಿಸಿ.

ಹೋದ ವಾರ ಗೆದ್ದ ಡೆಕ್ಕಿನಂಥದ್ದನ್ನೇ ಈ ವಾರ ಎಲ್ಲರೂ ತರುತ್ತಾರೆ. ಅದನ್ನು ಮಣಿಸುವ ಡೆಕ್ ಈ ಮ್ಯಾನೇಜರ್ ತರುತ್ತಿದ್ದರು. ಆದರೂ ಯಾರಿಗಾದರೂ ಒಂದು ಕಾರ್ಡ್ ಕಡಿಮೆಯಾದರೆ ತಮ್ಮ ಚೀಲ ತೆರೆದು, "ಮೊದಲು ಆಟ ಆಗ್ಲಿ ಮಾರಾಯ್ರೆ," ಎಂದು ಕೊಡುತ್ತಿದ್ದರು.

ಆಗ ಎಲ್ಲರದೂ ಮುನ್ನುಗ್ಗಿ ಹೊಡೆಯುವ ಡೆಕ್. ಅವರದು ತಡೆದು ತಡೆದು, ಕೈತುಂಬ ಕಾರ್ಡ್ ಉಳಿಸಿಕೊಂಡು ಕೊನೆಗೆ ಗೆಲ್ಲುವಂಥದ್ದು. ಒಂದು ಬೆಳಿಗ್ಗೆ ನಾನು, ಎದುರಾಳಿಯ ಕೈಯಲ್ಲಿರುವ ಕಾರ್ಡುಗಳನ್ನೆಲ್ಲ ಖಾಲಿ ಮಾಡಿಸುವ ಕಾರ್ಡನ್ನು ಅವರಲ್ಲೇ ಕೇಳಿದೆ.

"ಇದು ನನ್ನನ್ನು ಸೋಲಿಸ್ಲಿಕ್ಕೇ ಅಲ್ವಾ?" ಎಂದರು.

"ಹೌದು ಸರ್."

"ಮೊದಲು ಆಟ ಆಗ್ಲಿ," ಎಂದು ಅದನ್ನು ನನ್ನ ಉಳಿದ ಕಾರ್ಡುಗಳ ಕವರಿನ ಬಣ್ಣದ್ದೇ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟರು.

ಸೆಮಿಫೈನಲ್‌ನಲ್ಲಿ ಅವರೇ ಎದುರಾದರು. ಆ ಕಾರ್ಡ್ ಹಾಕಿದೆ. ಅವರ ಕೈ ಖಾಲಿಯಾಯಿತು, ಸೋತರು. ಕೈಕುಲುಕಿದ ಮೇಲೆ ನಾನು ಕಾರ್ಡನ್ನು ಡೆಕ್ಕಿನಿಂದ ತೆಗೆದು ಅವರತ್ತ ಚಾಚಿದೆ.

"ಈಗ್ಲೇ ಯಾಕೆ ಕೊಡ್ತೀರಿ? ನಿಮಗೆ ಫೈನಲ್ ಉಂಟಲ್ಲ," ಎಂದು ಟೇಬಲ್ ಒರೆಸತೊಡಗಿದರು.